ಬೂದು ಗುಂಡಿಯ ಮಹಿಮೆ

2025ರ ಡಿಸೆಂಬರ್ ಮೊದಲ ವಾರದಲ್ಲಿ ನಾವೆಲ್ಲರೂ ಬಿಟ್ಟಿಯಾಗಿ ನೋಡಿದ ಸಂಚಾರ್ ಸಾಥಿ ಎಂಬ ಸರ್ಕಾರಿ ಆಪ್‌ನ ಪ್ರಹಸನವನ್ನು ಮೊದಲಿನಿಂದ ಹೇಳುವ ಅಗತ್ಯವಿಲ್ಲ. ಹೊಸ ಫೋನುಗಳಲ್ಲಿ ಈ ಆಪ್ ಅನ್ನು 90 ದಿನಗಳೊಳಗೆ ಕಾರ್ಖಾನೆಯಲ್ಲಿಯೇ ಕೂರಿಸಿ ಕೊಡಬೇಕು, ಅದರ ಕಾರ್ಯಗಳನ್ನು ಯಾರೂ ನಿಷ್ಕ್ರಿಯಗೊಳಿಸದಂತೆ ನೋಡಿಕೊಳ್ಳಬೇಕು ಎಂದು ನವೆಂಬರ್ 28ರಂದು ದೂರಸಂಪರ್ಕ ಇಲಾಖೆ ಅಪ್ಪಣೆ ಕೊಡಿಸಿತು. ಗಲಾಟೆಯೆದ್ದಾಗ, ಬೇಡವಾದವರು ಅಳಿಸಿಕೊಳ್ಳಬಹುದು ಎಂದು ಡಿಸೆಂಬರ್ 2ರಂದು ಸಚಿವರು ಸಮಾಧಾನ ಹೇಳಿದರು. ಮರುದಿನ ಕಡ್ಡಾಯವೇ ರದ್ದಾಯಿತು. ಒಂದೇ ದಿನದಲ್ಲಿ 6 ಲಕ್ಷ ಮಂದಿ ಸ್ವಂತ ಇಚ್ಛೆಯಿಂದ ನೋಂದಾಯಿಸಿಕೊಂಡಿರುವುದರಿಂದ ಕಡ್ಡಾಯದ ಅವಶ್ಯಕತೆಯೇ ಉಳಿದಿಲ್ಲ ಎಂಬ ಸಮಜಾಯಿಷಿಯೂ ಜೊತೆಗೆ ಬಂತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗದಂತೆ ಬೀಳುವ ಈ ಕಲೆಯಲ್ಲಿ ನಮ್ಮ ಇಲಾಖೆಗಳನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ.

ಆ ಆಪ್ ಬಗ್ಗೆ ನನಗೆ ವೈಯಕ್ತಿಕ ದ್ವೇಷವೇನೂ ಇಲ್ಲ. ಕಳೆದುಹೋದ ಫೋನನ್ನು ನಿರ್ಬಂಧಿಸುವುದು, ನಮ್ಮ ಹೆಸರಿನಲ್ಲಿ ಬೇರೆ ಯಾರಾದರೂ ಸಿಮ್ ತೆಗೆದುಕೊಂಡಿದ್ದಾರೆಯೇ ಎಂದು ತೋರಿಸುವುದು ಮುಂತಾದ ಒಳ್ಳೆಯ ಕೆಲಸಗಳನ್ನೇ ಅದು ಮಾಡುತ್ತದೆ. ಆದರೆ ಸರ್ಕಾರವು ಅಳಿಸಲಾಗದ ಆಪ್ ಒಂದನ್ನು ಜನರಿಗೆ ದಯಪಾಲಿಸಲು ಹೊರಟಿದ್ದ ಅದೇ ವಾರ, ನಾನು ತುಮಕೂರಿನಲ್ಲಿ ನನ್ನ ಸೋದರಮಾವನವರ ಜಗಲಿಯ ಮೇಲೆ ಕುಳಿತು, ಕಳ್ಳನೊಬ್ಬನು ದಯಪಾಲಿಸಿದ್ದ ಅಳಿಸಲಾಗದ ಇನ್ನೊಂದು ಆಪ್ ಅನ್ನು ಅವರ ಫೋನಿನಿಂದ ಕೀಳಲು ಹೆಣಗಾಡುತ್ತಿದ್ದೆ. ಎರಡೂ ಕಡೆ ಆಲೋಚನೆ ಒಂದೇ ಎಂಬುದು ನನ್ನನ್ನು ಬೆರಗುಗೊಳಿಸಿತು.

ಮಾವ ನಿವೃತ್ತ ಮುಖ್ಯೋಪಾಧ್ಯಾಯರು. ಅವರ ಬಳಿ ವಾಹನವಿಲ್ಲ. ಇದ್ದ ಒಂದು ಲೂನಾವನ್ನು ಮಾರಿ ಹದಿನೈದು ವರ್ಷಗಳಾದವು. ಹೀಗಿರುವಾಗ, ತಮ್ಮ ವಾಹನವು ಸಿಗ್ನಲ್ ಉಲ್ಲಂಘಿಸಿದೆಯೆಂದೂ ವಿವರಗಳಿಗೆ ಕೆಳಗಿನ ಕಡತವನ್ನು ತೆರೆಯಬೇಕೆಂದೂ ತಿಳಿಸುವ ವಾಟ್ಸ್ಆ್ಯಪ್ ಸಂದೇಶ ಬಂದಾಗ ಅವರು ನಗಬೇಕಿತ್ತು. ನಗಲಿಲ್ಲ, ಏಕೆಂದರೆ ಲೂನಾ ಕೊಂಡವನು ಹೆಸರು ಬದಲಾಯಿಸಿಕೊಂಡಿರಲಿಲ್ಲವೆಂಬ ಹಳೆಯ ಮುಳ್ಳೊಂದು ಅವರ ಮನಸ್ಸಿನಲ್ಲಿ ಇನ್ನೂ ಇತ್ತು. ಸಾಲದ್ದಕ್ಕೆ, ಸಂದೇಶ ಬಂದದ್ದು ಪರಿಚಯದ ಅರ್ಚಕರ ಸಂಖ್ಯೆಯಿಂದ. ಅರ್ಚಕರು ದಂಡ ವಸೂಲಿಗೆ ಯಾವಾಗ ಇಳಿದರೆಂಬ ಪ್ರಶ್ನೆ ಮಾವನಿಗೆ ಹೊಳೆಯಲಿಲ್ಲ. ಅರ್ಚಕರ ಫೋನೂ ಕಳ್ಳ ಆಪ್ ಅಡಗಿದ್ದ ಅದೇ ಕಡತವನ್ನು ತಿಂದು, ಅವರ ಪಟ್ಟಿಯಲ್ಲಿದ್ದವರಿಗೆಲ್ಲ ತಾನಾಗಿಯೇ ಪ್ರಸಾದ ಹಂಚುತ್ತಿತ್ತೆಂಬುದು ಆಗ ಅರ್ಚಕರಿಗೂ ತಿಳಿದಿರಲಿಲ್ಲ.

ಈ ದಂಡದ ವಿಷಯದಲ್ಲಿ ಮಾವನನ್ನು ಮೂಢರೆಂದು ಕರೆಯುವ ಮುನ್ನ ನಾವು ನಮ್ಮ ರಾಜ್ಯದ ಸಂಪ್ರದಾಯವನ್ನು ನೆನೆಯಬೇಕು. 2023ರ ಫೆಬ್ರವರಿಯಲ್ಲಿ ಬಾಕಿ ಸಂಚಾರ ದಂಡಕ್ಕೆ ಸರ್ಕಾರವು ಶೇಕಡಾ 50ರಷ್ಟು ರಿಯಾಯಿತಿ ಘೋಷಿಸಿತು. ಜನರು ಆಷಾಢದ ಸೀರೆ ಮಾರಾಟಕ್ಕೆ ಮುಗಿಬಿದ್ದಂತೆ ಠಾಣೆಗಳ ಮುಂದೆ ಸಾಲುಗಟ್ಟಿದರು, ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಮಿಕ್ಕಿ ಜಮೆಯಾಯಿತು. 2025ರಲ್ಲಿ, ಗಣೇಶನ ಹಬ್ಬದ ಆಸುಪಾಸಿನಲ್ಲಿ, ಅದೇ ಮೇಳ ಮತ್ತೊಮ್ಮೆ ನಡೆಯಿತು. ಮೊದಲ ಸುತ್ತಿಗೂ ಮುನ್ನವೇ ಪ್ರಾಮಾಣಿಕವಾಗಿ ಪೂರ್ತಿ ದಂಡ ಕಟ್ಟಿದ್ದ ನನ್ನ ನೆರೆಯವರೊಬ್ಬರು, ತಮಗೆ ಉಳಿದರ್ಧ ಹಣ ಹಿಂದಿರುಗೀತೇ ಎಂದು ಠಾಣೆಯಲ್ಲಿ ವಿಚಾರಿಸಿ ಎಲ್ಲರ ಮನರಂಜನೆಗೆ ಕಾರಣರಾದರು. ಯಾವಾಗ ಎಷ್ಟು ಬಾಕಿ, ಯಾವಾಗ ಎಷ್ಟು ಮಾಫಿ ಎಂಬುದು ದೇವರಿಗೇ ಗೊತ್ತಿರುವ ನಾಡಿನಲ್ಲಿ, ಮೊಬೈಲಿಗೆ ಬಂದ ದಂಡದ ಸಂದೇಶವನ್ನು ತೆರೆದು ನೋಡುವುದು ಮೂರ್ಖತನವೋ ನಾಗರಿಕ ಪ್ರಜ್ಞೆಯೋ ನನಗೆ ತಿಳಿಯದು.

ಭಾಷೆಯ ವಿಚಾರವನ್ನೂ ಹೇಳಿಬಿಡುತ್ತೇನೆ. ಮಾವ ಆ ಕಡತವನ್ನು ಒತ್ತಿದಾಗ ಇದು ಅಪಾಯಕಾರಿ ಆಪ್ ಎಂದು ಫೋನು ಎಚ್ಚರಿಸಿತ್ತು, ಆದರೆ ಇಂಗ್ಲಿಷಿನಲ್ಲಿ. ಮೊಮ್ಮಗ ಫೋನನ್ನು ಹಾಗೆಯೇ ಹೊಂದಿಸಿಕೊಟ್ಟಿದ್ದ. ಹಣ ಕಡಿತವಾದ ಸೂಚನೆಯನ್ನು ಬ್ಯಾಂಕ್ ಇಂಗ್ಲಿಷಿನಲ್ಲಿ ಕಳಿಸಿತು. ಬ್ಯಾಂಕಿನ ಸಹಾಯವಾಣಿಯು ಹಿಂದಿಗೆ ಒಂದನ್ನು, ಇಂಗ್ಲಿಷಿಗೆ ಎರಡನ್ನು ಒತ್ತಲು ಹೇಳಿತು. ಈ ಇಡೀ ವ್ಯವಹಾರದಲ್ಲಿ ಅವರೊಂದಿಗೆ ಸ್ಪಷ್ಟವಾದ, ಕಾಗುಣಿತದ ತಪ್ಪಿಲ್ಲದ ಕನ್ನಡದಲ್ಲಿ ಮಾತನಾಡಿದವನು ಕಳ್ಳನೊಬ್ಬನೇ. ರಾಜ್ಯೋತ್ಸವ ಪ್ರಶಸ್ತಿಗೆ ಹೆಸರು ಸೂಚಿಸುವ ಅವಕಾಶ ನನಗಿದ್ದರೆ ಈ ಬಾರಿ ಯಾರನ್ನು ಸೂಚಿಸಬೇಕೆಂಬ ಗೊಂದಲವೇ ಇರುತ್ತಿರಲಿಲ್ಲ.

ಇನ್ನು ಆ ಬೂದು ಗುಂಡಿ. ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಹೊರಗಿನ ಸಂಪರ್ಕ ಕತ್ತರಿಸಿದೆ, ಏಕೆಂದರೆ ಬರುತ್ತಿದ್ದ ಪ್ರತಿಯೊಂದು ಒಟಿಪಿಯೂ ಮಾವನಿಗಿಂತ ಮೊದಲು ಇನ್ನಾರಿಗೋ ತಲುಪುತ್ತಿತ್ತು. ಪರದೆಯ ಮೇಲೆ ಆ ಆಪ್‌ನ ಚಿಹ್ನೆಯೇ ಇರಲಿಲ್ಲ. ಸೆಟ್ಟಿಂಗ್ಸ್‌ನ ಪಟ್ಟಿಯಲ್ಲಿ ಸಂಭಾವಿತನಂತೆ ಸರ್ಕಾರಿ ಹೆಸರು ಹೊತ್ತು ಕುಳಿತಿತ್ತು. ಅನ್‌ಇನ್‌ಸ್ಟಾಲ್ ಗುಂಡಿ ಬೂದು ಬಣ್ಣಕ್ಕೆ ತಿರುಗಿತ್ತು. ನಮ್ಮ ರಸ್ತೆಗಳ ಗುಂಡಿಯಂತೆ ಇದೂ ಕಣ್ಣಿಗೆ ಕಾಣುತ್ತದೆ, ಏನೂ ಮಾಡಲಾಗುವುದಿಲ್ಲ. ಆಪ್ ತನ್ನನ್ನು ತಾನೇ ಫೋನಿನ ಆಡಳಿತಾಧಿಕಾರಿಯನ್ನಾಗಿ ನೇಮಿಸಿಕೊಂಡಿತ್ತು. ಆ ಹುದ್ದೆಯಿಂದ ಅದನ್ನು ವಜಾ ಮಾಡಲು ಡಿವೈಸ್ ಅಡ್ಮಿನ್ ಪುಟಕ್ಕೆ ಹೋದರೆ, ಪುಟ ತೆರೆದ ಅರೆಕ್ಷಣದಲ್ಲಿ ಫೋನು ತಾನಾಗಿ ಮುಖಪುಟಕ್ಕೆ ಜಿಗಿಯುತ್ತಿತ್ತು. ಮತ್ತೆ ಹೋದೆ, ಮತ್ತೆ ಜಿಗಿಯಿತು. ಕಣ್ಣು ಕಾಣದವರಿಗೆ, ಕೈ ನಡುಗುವವರಿಗೆ ನೆರವಾಗಲೆಂದು ಇರುವ ಆ್ಯಕ್ಸೆಸಿಬಿಲಿಟಿ ಸೌಲಭ್ಯವನ್ನು ಅದು ವಶಪಡಿಸಿಕೊಂಡು, ನನ್ನ ಬೆರಳು ಎಲ್ಲಿಗೆ ಹೋಗುತ್ತಿದೆಯೆಂದು ನೋಡಿಕೊಂಡೇ ದಾರಿಗೆ ಅಡ್ಡ ನಿಲ್ಲುತ್ತಿತ್ತು. ನಾಲ್ಕನೆಯ ಸಲ ಮಾವ, "ಇವನು ನಮ್ಮ ಬಿಇಒ ಕಚೇರಿಯ ಗುಮಾಸ್ತನಿಗಿಂತ ಚುರುಕು" ಎಂದರು.

ಕೊನೆಗೆ ಪವರ್ ಗುಂಡಿಯನ್ನು ಒತ್ತಿ ಹಿಡಿದು, ಪವರ್ ಆಫ್ ಎಂಬುದರ ಮೇಲೆ ಬೆರಳನ್ನು ಊರಿ, ಸೇಫ್ ಮೋಡ್‌ನಲ್ಲಿ ಫೋನನ್ನು ಎಬ್ಬಿಸಿದೆ. ಹೊರಗಿನಿಂದ ಬಂದು ಸೇರಿದ ಆಪ್‌ಗಳು ಆ ಸ್ಥಿತಿಯಲ್ಲಿ ಏಳುವುದಿಲ್ಲ. ಕಳ್ಳ ನಿದ್ದೆಯಲ್ಲಿದ್ದಾಗ ಅವನ ಅಧಿಕಾರಗಳನ್ನು ಒಂದೊಂದಾಗಿ ಕಿತ್ತುಕೊಂಡ ಮೇಲೆ ಬೂದು ಗುಂಡಿಗೆ ಜೀವ ಬಂತು, ಆಪ್ ಹೋಯಿತು. ಡೌನ್‌ಲೋಡ್‌ಗಳಲ್ಲಿ ಉಳಿದಿದ್ದ ಮೂಲ ಕಡತವನ್ನೂ ಅಳಿಸಿದೆ. ಗೂಗಲ್‌ನ ಸುರಕ್ಷಾ ಸೌಲಭ್ಯವಾದ ಪ್ಲೇ ಪ್ರೊಟೆಕ್ಟ್‌ನಿಂದ ಒಮ್ಮೆ ತಪಾಸಣೆ ಮಾಡಿಸಿ, ಕರೆಗಳನ್ನು ಬೇರೆಡೆಗೆ ತಿರುಗಿಸಿದ್ದರೆ ರದ್ದಾಗಲೆಂದು ##002# ಒತ್ತಿ, ವಾಟ್ಸ್ಆ್ಯಪ್‌ಗೆ ಜೋಡಣೆಯಾಗಿದ್ದ ಅಪರಿಚಿತ ಸಾಧನವನ್ನು ಹೊರಹಾಕಿ, ಗುಪ್ತಪದಗಳನ್ನೆಲ್ಲ ನನ್ನ ಫೋನಿನಿಂದ ಬದಲಾಯಿಸುವ ವೇಳೆಗೆ ಸಂಜೆಯಾಗಿತ್ತು. ಹಣಕ್ಕಾಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವ ಕೆಲಸವನ್ನು ಮಾತ್ರ ಎಲ್ಲಕ್ಕಿಂತ ಮೊದಲೇ ನನ್ನ ಫೋನಿನಿಂದ ಮಾಡಿ ಮುಗಿಸಿದ್ದೆ. ಅಲ್ಲಿ ನಿಮಿಷಗಳು ಲೆಕ್ಕಕ್ಕೆ ಬರುತ್ತವೆ.

ಅಷ್ಟರಲ್ಲಿ ಮೇಷ್ಟ್ರ ಸಂಖ್ಯೆಯಿಂದ ಅವರ ಹಳೆಯ ವಿದ್ಯಾರ್ಥಿಗಳಿಗೆಲ್ಲ ದಂಡದ ನೋಟೀಸು ಹೋಗಿಯಾಗಿತ್ತು. ಇಬ್ಬರು ಹೆದರಿ ತೆರೆದೇಬಿಟ್ಟರು. ಮೂರನೆಯವನೊಬ್ಬ ಕರೆ ಮಾಡಿ, ತಾನು ಹೆಲ್ಮೆಟ್ ಧರಿಸದೆ ಓಡಾಡುತ್ತಿದ್ದುದು ನಿಜವೆಂದೂ ಇನ್ನು ಮುಂದೆ ಹಾಗೆ ಮಾಡುವುದಿಲ್ಲವೆಂದೂ ಕ್ಷಮೆ ಕೇಳಿದ.

ಮಾವನ ಖಾತೆಯಿಂದ ಹೋದದ್ದು 48,000 ರೂಪಾಯಿ. ವ್ಯವಹಾರವು ಗ್ರಾಹಕರ ಒಟಿಪಿಯಿಂದಲೇ ದೃಢೀಕರಣಗೊಂಡಿರುವುದರಿಂದ ತಾನು ಜವಾಬ್ದಾರನಲ್ಲವೆಂದು ಬ್ಯಾಂಕ್ ಮೂರು ಸಾಲಿನ ಉತ್ತರ ಕೊಟ್ಟಿದೆ. ಅನಧಿಕೃತ ಎಲೆಕ್ಟ್ರಾನಿಕ್ ವ್ಯವಹಾರದಲ್ಲಿ ತಪ್ಪು ಗ್ರಾಹಕನದೇ ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಬರೆದಿತ್ತು. ಆ ಸುತ್ತೋಲೆಯ ಪ್ರತಿಯನ್ನು ಕೌಂಟರಿನ ಮೇಲಿಟ್ಟಾಗ ಅಲ್ಲಿದ್ದ ಯುವಕ ಅದನ್ನು ಓದಲಿಲ್ಲ. ವಯಸ್ಸಾದವರಿಗೆ ಸ್ಮಾರ್ಟ್‌ಫೋನ್ ಏಕೆ ಕೊಡುತ್ತೀರಿ ಎಂದು ನನ್ನನ್ನು ಕೇಳಿದ. ಏಕೆ ಕೊಟ್ಟೆವೆಂದರೆ, ಪಾಸ್‌ಬುಕ್ ಮುದ್ರಿಸುವ ಯಂತ್ರ ಕೆಟ್ಟಿದೆ, ಆಪ್‌ನಲ್ಲಿ ನೋಡಿಕೊಳ್ಳಿ ಎಂದು ಇದೇ ಕೌಂಟರಿನಲ್ಲಿ ಎರಡು ವರ್ಷ ಹೇಳಿದ್ದರು. ಗ್ಯಾಸ್ ಬುಕಿಂಗಿಗೆ ಫೋನು, ಜೀವಂತ ಪ್ರಮಾಣಪತ್ರಕ್ಕೆ ಫೋನು, ಆಸ್ಪತ್ರೆಯ ಚೀಟಿಗೆ ಫೋನು. ಎಲ್ಲರೂ ಸೇರಿ ಒಬ್ಬ ಎಪ್ಪತ್ತಾರು ವರ್ಷದ ಮನುಷ್ಯನಿಗೆ ಕೇಳಿದಾಗಲೆಲ್ಲ "ಅಲೌ" (ಅನುಮತಿಸು) ಒತ್ತುವುದನ್ನು ಕಲಿಸಿದಿರಿ. ಅವರು ಕಲಿತರು, ಒತ್ತಿದರು, ಈಗ ಬೇಜವಾಬ್ದಾರಿ ಗ್ರಾಹಕರೆನಿಸಿಕೊಂಡರು. ಇದಕ್ಕೆ ತಮಾಷೆ ಸೇರಿಸುವ ಶಕ್ತಿ ನನ್ನಲ್ಲಿಲ್ಲ.

ದೂರು ದಾಖಲಾಗಿದೆ, ಸಂಖ್ಯೆ ಬಂದಿದೆ. ಮಾವ ಹಣದ ಮಾತನ್ನು ಬಿಟ್ಟಿದ್ದಾರೆ. ಆದರೆ ಲೂನಾದ ಚಿಂತೆ ಹೋಗಿರಲಿಲ್ಲ. ಟ್ರಂಕಿನಿಂದ ಹಳೆಯ ಆರ್‌ಸಿಯ ನಕಲನ್ನು ಹುಡುಕಿ ತೆಗೆದು, ಚಾಸಿ ಸಂಖ್ಯೆಯ ಕೊನೆಯ ಅಂಕಿಗಳನ್ನು ಅವರೇ ಓದಿ ಹೇಳಿದರು. ನಾನು ಸರ್ಕಾರದ ವಾಹನ ದಾಖಲೆಗಳ ತಾಣವಾದ ಪರಿವಾಹನದ ನಿಜವಾದ ಪುಟದಲ್ಲಿ ಟೈಪು ಮಾಡಿದೆ. ಯಾವ ದಂಡವೂ ಬಾಕಿ ಇರಲಿಲ್ಲ. ಆ ಪುಟವನ್ನು ಮುದ್ರಿಸಿ ತರಲು ನನ್ನನ್ನು ಅಂಗಡಿಗೆ ಅಟ್ಟಿದರು. ತಂದದ್ದಕ್ಕೆ ರಂಧ್ರ ಹೊಡೆದು, ದಾರ ಪೋಣಿಸಿ, ಬ್ಯಾಂಕಿನ ಮೂರು ಸಾಲಿನ ಪತ್ರದ ಮೇಲೆ ಅದನ್ನು ಕಟ್ಟಿಟ್ಟಿದ್ದಾರೆ.