ಚಿವಿತಾಗೆ ಹೋಗುವವರು ಮೊದಲು ದಿಬ್ಬ ನೋಡಿ, ಆಮೇಲೆ ಊರು

ರೋಮ್‌ನಿಂದ ಉತ್ತರಕ್ಕೆ ಸುಮಾರು 120 ಕಿ.ಮೀ. ದೂರದಲ್ಲಿರುವ ಚಿವಿತಾ ದಿ ಬಾನ್ಯೊರೇಜಿಯೊಗೆ ಹೋದವರಲ್ಲಿ ಬಹುಪಾಲು ಜನ ಸೇತುವೆ ಹತ್ತಿ, ಚೌಕದಲ್ಲಿ ಫೋಟೊ ತೆಗೆದುಕೊಂಡು ಇಳಿದುಬಿಡುತ್ತಾರೆ. ಅದು ಆ ಊರಿಗೆ ಮಾಡುವ ಅನ್ಯಾಯ. ಯಾಕೆಂದರೆ ಎರಡೂವರೆ ಸಾವಿರ ವರ್ಷಗಳ ಹಿಂದೆ ಎಟ್ರುಸ್ಕನ್ನರು (ರೋಮನ್ನರ ಆಳ್ವಿಕೆಗೂ ಮೊದಲು ಮಧ್ಯ ಇಟಲಿಯಲ್ಲಿದ್ದ ಜನ) ಕಟ್ಟಿದ ಈ ಊರಿನ ಏಳುಬೀಳು ಅರ್ಥವಾಗಬೇಕಾದರೆ ಅದು ಕೂತಿರುವ ದಿಬ್ಬ ಅರ್ಥವಾಗಬೇಕು.

ಮೇಲಿರುವುದು ಟಫ್, ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು. ಕೆಳಗಿರುವುದು ಹಳೆಯ ಸಮುದ್ರತಳದ ಜೇಡಿಮಣ್ಣು. ಟಫ್‌ನ ಬಿರುಕುಗಳಲ್ಲಿ ಮಳೆನೀರು ಇಳಿಯುತ್ತದೆ, ಜೇಡಿ ಅದನ್ನು ಕೆಳಗೆ ಬಿಡುವುದಿಲ್ಲ. ನೆನೆದ ಜೇಡಿ ಮೆತ್ತಗಾಗಿ ಜಾರುತ್ತದೆ, ಬುಡದಲ್ಲಿ ತೊರೆಗಳೂ ಕೊರೆಯುತ್ತವೆ. ಆಸರೆ ತಪ್ಪಿದ ಕಲ್ಲು ಅಂಚಿಗೆ ಸಮಾನಾಂತರವಾಗಿ ಸೀಳಿ, ಮೇಲಿನ ಮನೆಯ ಸಮೇತ ಕಣಿವೆಗೆ ಬೀಳುತ್ತದೆ. ಸಂತ ಬೊನವೆಂತೂರಾ ಹುಟ್ಟಿದ್ದು ಇಲ್ಲೇ. ಅವರ ಮನೆ ಇದ್ದ ಜಾಗ ಹೀಗೇ ಕುಸಿದುಹೋಗಿದೆ.

1695ರ ಜೂನ್‌ನಲ್ಲಿ ಆದ ಭೂಕಂಪ ಊರನ್ನು ನಡುಗಿಸಿತು. ಆಡಳಿತವೂ ಬಿಷಪ್ ಪೀಠವೂ ಪಕ್ಕದ ಬಾನ್ಯೊರೇಜಿಯೊಗೆ ಹೋದವು, ಜನರೂ ಹಿಂದೆಯೇ ಹೋದರು. ಈಗ ವರ್ಷವಿಡೀ ನೆಲೆಸಿರುವವರು ಬೆರಳೆಣಿಕೆಯಷ್ಟು. ಇದಕ್ಕೆ ‘ಸಾಯುತ್ತಿರುವ ಊರು’ ಎಂಬ ಹೆಸರು ಅಂಟಿದೆ. ನನಗೆ ಆ ಹೆಸರು ಒಪ್ಪಿಗೆಯಿಲ್ಲ. ಬಂಡೆಗೆ ಉಕ್ಕಿನ ಸರಳು ಹಾಕಿ, ನೀರಿಗೆ ದಾರಿ ಮಾಡಿ ಇದನ್ನು ಹಿಡಿದು ನಿಲ್ಲಿಸುವ ಕೆಲಸ ನಡೆದೇ ಇದೆ. ಪ್ರವೇಶಕ್ಕೆ ಟಿಕೆಟ್ ಇಟ್ಟದ್ದು 2013ರಲ್ಲಿ, ಒಂದೂವರೆ ಯೂರೊ. ಈಗ 5 ಯೂರೊ ಆಗಿದೆ. ದುಬಾರಿ ಎನ್ನುವವರು ಇಷ್ಟು ಕಡಿಮೆ ಮನೆಗಳ ಊರು ಆ ಬಂಡೆಯ ಖರ್ಚನ್ನು ಒಂಟಿಯಾಗಿ ಹೇಗೆ ಹೊರಬೇಕು ಎಂದು ಯೋಚಿಸಲಿ.

ಸೇತುವೆಗೆ ಮೊದಲು ಬೆಲ್ವೆಡೇರೆ ಎಂಬ ನೋಟದ ಕಟ್ಟೆಯಲ್ಲಿ ನಿಲ್ಲಿ. ಬೂದುಬಣ್ಣದ ಜೇಡಿಯ ಚೂಪು ಏಣುಗಳೂ ಅದರ ಮೇಲೆ ಕಂದು ಟಫ್ ಕೂತಿರುವುದೂ ಅಲ್ಲಿಂದ ಸ್ಪಷ್ಟವಾಗಿ ಕಾಣುತ್ತವೆ. 1965ರ ಕಾಲುಸೇತುವೆಯ ಉದ್ದ ಸುಮಾರು 300 ಮೀಟರ್. ನೆರಳಿಲ್ಲ, ಕೊನೆಯ ಏರು ಕಡಿದು. ಮೊಣಕಾಲು ನೋವಿನ ಹಿರಿಯರಿದ್ದರೆ ಬೇಸಿಗೆಯ ಮಧ್ಯಾಹ್ನ ಬೇಡ. ಸಾಂತಾ ಮರಿಯಾ ಬಾಗಿಲು ದಾಟುವಾಗ ಗೋಡೆ ನೋಡಿ, ಆ ದಾರಿಯನ್ನು ಟಫ್‌ನಲ್ಲೇ ಕಡಿದಿದ್ದಾರೆ. ಒಳಗೆ ಮೊದಲು ಭೂಕುಸಿತದ ಮ್ಯೂಸಿಯಂಗೆ ಹೋಗಿ, ಆಮೇಲೆ ಸಾನ್ ದೊನಾತೊ ಚರ್ಚ್. ಈ ಕ್ರಮದಲ್ಲಿ ನೋಡಿದರೆ ಓಣಿಯ ತುದಿಯಲ್ಲಿ ಆಕಾಶಕ್ಕೆ ತೆರೆದ ಕಿಟಕಿಯ ಹಿಂದೆ ಮನೆ ಯಾಕಿಲ್ಲ ಎಂದು ಯಾರನ್ನೂ ಕೇಳಬೇಕಿಲ್ಲ.

ರೋಮ್‌ನಿಂದ ರೈಲಿನಲ್ಲಿ ಒರ್ವಿಯೇತೊ, ಅಲ್ಲಿಂದ ಬಸ್ಸಿನಲ್ಲಿ ಬಾನ್ಯೊರೇಜಿಯೊ. ನಿಲ್ದಾಣದಿಂದ ಸೇತುವೆಗೆ ಅರ್ಧ ಗಂಟೆಯ ನಡಿಗೆ. ಭಾನುವಾರ ಈ ಬಸ್ಸನ್ನು ನಂಬಿಕೊಂಡು ಹೊರಡಬೇಡಿ. ಉಳಿದ ದಿನಗಳಲ್ಲೂ ಬಸ್ಸುಗಳ ನಡುವೆ ಗಂಟೆಗಟ್ಟಲೆ ಅಂತರ ಇರುತ್ತದೆ, ಹಾಗಾಗಿ ವಾಪಸ್ ಬಸ್ಸಿನ ಸಮಯವನ್ನು ಇಳಿದ ಕೂಡಲೇ ನೋಡಿಟ್ಟುಕೊಳ್ಳಿ, ಬರುವಾಗಿನ ಟಿಕೆಟ್ಟನ್ನೂ ಒರ್ವಿಯೇತೊದಲ್ಲೇ ಕೊಂಡುಬಿಡಿ.