‘ಹೊಡೆಯದಿದ್ದರೆ ಶಿಕ್ಷೆಯಲ್ಲ’ ಎಂಬ ಸಂದೇಶ ತಪ್ಪು

ಚಿಂತಾಮಣಿ ಕಡೆಯ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: “ಮೇಷ್ಟ್ರು ಕೈ ಮಾಡುವಂತಿಲ್ಲ ಅಷ್ಟೇ. ಹೀಯಾಳಿಸಿದರೆ, ಹೊರಗೆ ನಿಲ್ಲಿಸಿದರೆ ಯಾರೂ ಕೇಳುವ ಹಾಗಿಲ್ಲ.”

ಇದು ಸುಳ್ಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೇ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೀರಿದವರ ಮೇಲೆ ಸೇವಾ ನಿಯಮದಡಿ ಶಿಸ್ತುಕ್ರಮಕ್ಕೆ ಅವಕಾಶವಿದೆ. ಖಾಸಗಿ ಶಾಲೆ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ.

ತೊದಲುವ ಹುಡುಗನನ್ನು ಬೆಂಚಿನ ಮೇಲೆ ಹತ್ತಿಸಿ, ಅವನಂತೆಯೇ ತೊದಲಿ ತೋರಿಸಿ, ಇಡೀ ತರಗತಿಯನ್ನು ನಗಿಸುವುದೂ ಕಿರುಕುಳವೇ. ಅಂಗಿಯ ತುದಿ ಹಿಂಡುತ್ತಾ, ತಲೆ ಎತ್ತಲಾಗದೆ ನಿಂತ ಆ ಮಗು ಕಲಿಯುವುದು ಭಯವನ್ನು ಮಾತ್ರ. ಮೈಮೇಲೆ ಬಾಸುಂಡೆ ಕಾಣಲಿಲ್ಲವೆಂದು ದಯವಿಟ್ಟು ಸುಮ್ಮನಾಗಬೇಡಿ. ಮುಖ್ಯ ಶಿಕ್ಷಕರಿಗೆ ಹೇಳಿ. ಕೇಳದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಲಿಖಿತ ದೂರು ಕೊಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಕರೆ ಮಾಡಬಹುದು.