ಆಯಿಲ್ ಕುಡಿಯೋದು ನಾರ್ಮಲ್ ಅಂದ್ರೆ, ಎಷ್ಟು?

ಕಳೆದ ಫೆಬ್ರವರಿಯಲ್ಲಿ ಶಿರಾಡಿ ಘಾಟಿ ಹತ್ತುವಾಗ ನಮ್ಮ ಪಿಕಪ್‌ನ ಆಯಿಲ್ ದೀಪ ಹತ್ತಿತು. ಗುಂಡ್ಯ ಬಿಟ್ಟು ಸ್ವಲ್ಪ ದೂರ ಬಂದಿದ್ದೆವು. ಹಿಂದೆ ಮಂಗಳೂರು ಹಂಚಿನ ಲೋಡ್. ಒಂದು ತಿರುವಿನಲ್ಲಿ ಕೆಂಪು ದೀಪ ಮಿಂಚಿ ಆರಿತು. ಮುಂದಿನ ತಿರುವಿನಲ್ಲಿ ಮತ್ತೆ ಮಿಂಚಿತು. ಗಾಡಿ ಓಡಿಸುತ್ತಿದ್ದ ನಮ್ಮ ಹುಡುಗ, "ಸೆನ್ಸರ್ ಇರ್ಬೇಕು ಬಿಡಿ ಅಕ್ಕ, ಸಕಲೇಶಪುರದಲ್ಲಿ ನೋಡೋಣ" ಅಂದ. ನನಗೆ ಮನಸ್ಸು ಕೇಳಲಿಲ್ಲ. ನಿಲ್ಲಿಸು ಅಂದೆ. ಬದಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹತ್ತು ನಿಮಿಷ ಕಾದು ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಎಳೆದೆವು. ಕಡ್ಡಿಯ ತುದಿಯಲ್ಲೂ ಆಯಿಲ್ ಇರಲಿಲ್ಲ.

ಸರ್ವಿಸ್ ಆಗಿ ಆಗ ಬರೀ 7,000 ಕಿ.ಮೀ. ಆಗಿತ್ತು. ಮೂರು ವಾರದ ಹಿಂದೆ ನಾನೇ ಕಡ್ಡಿ ನೋಡಿದ್ದೆ. ಎರಡು ಗುರುತಿನ ಮಧ್ಯೆ ಇತ್ತು. ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ಹನಿ ಸೋರಿದ ಕಲೆ ಇಲ್ಲ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಇಲ್ಲ. ಹಾಗಾದರೆ ಅಷ್ಟು ಆಯಿಲ್ ಎಲ್ಲಿಗೆ ಹೋಯಿತು?

ಹಿಂದಿನಿಂದ ಬಂದ ಲಾರಿಯವರೊಬ್ಬರು ನಿಲ್ಲಿಸಿದರು. ಕ್ಯಾಬಿನ್‌ನಿಂದ ಕ್ಯಾನ್ ತೆಗೆದು, "ಇದು ನಿಮ್ ಗಾಡಿ ಆಯಿಲ್ ಅಲ್ಲ ಅಕ್ಕ. ಆದ್ರೆ ಆಯಿಲ್ ಇಲ್ದೆ ಓಡ್ಸೋದಕ್ಕಿಂತ ಇದು ಮೇಲು. ಊರಿಗೆ ಹೋಗಿ ಪೂರ್ತಿ ಬದಲಾಯ್ಸಿ" ಅಂದರು. ಎರಡು ಲೀಟರ್ ಸುರಿದ ಮೇಲೆ ಕಡ್ಡಿಯ ಕೆಳಗಿನ ಗುರುತು ಮುಟ್ಟಿತು. ದುಡ್ಡು ಕೊಟ್ಟೆ, ತೆಗೆದುಕೊಂಡರು. ಅವರು ಹೇಳಿದ ಮಾತು ನೂರಕ್ಕೆ ನೂರು ಸರಿ. ಇಂಥ ಹೊತ್ತಿನಲ್ಲಿ ಗ್ರೇಡ್ ನೋಡುತ್ತಾ ಕೂತರೆ ಬೇರಿಂಗ್ ಹೋಗುತ್ತದೆ. ಮನೆ ಮುಟ್ಟಿದ ಮೇಲೆ ಸರಿಯಾದ ಆಯಿಲ್‌ಗೆ ಬದಲಾಯಿಸಬೇಕು, ಅಷ್ಟೆ.

ಆ ದೀಪದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಎಷ್ಟೋ ಜನ ಅದನ್ನು ಆಯಿಲ್ ಕಡಿಮೆ ಆದಾಗ ಹತ್ತುವ ದೀಪ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಕೆಂಪು ದೀಪ ಹೇಳುವುದು ಆಯಿಲ್‌ನ ಮಟ್ಟ ಅಲ್ಲ, ಒತ್ತಡ. ಆಯಿಲ್ ತೀರಾ ಇಳಿದು, ತಿರುವಿನಲ್ಲಿ ಸಂಪ್‌ನ (ಇಂಜಿನ್ ಅಡಿಯ ಆಯಿಲ್ ತೊಟ್ಟಿಯ) ಒಂದು ಮೂಲೆಗೆ ಸರಿದು, ಪಂಪಿಗೆ ಎಳೆಯಲು ಏನೂ ಸಿಗದೇ ಹೋದಾಗ ಅದು ಹತ್ತುತ್ತದೆ. ಅಂದರೆ ಎಚ್ಚರಿಕೆ ಬರುವ ಹೊತ್ತಿಗೆ ಇಂಜಿನ್‌ಗೆ ಪೆಟ್ಟು ಬೀಳಲು ಶುರುವಾಗಿರುತ್ತದೆ. ಅದು ಮಿಂಚಿದರೂ ಸರಿ, ಕೂಡಲೇ ಇಂಜಿನ್ ಆಫ್ ಮಾಡಿ. "ಮುಂದಿನ ಊರಲ್ಲಿ ನೋಡೋಣ" ಅನ್ನಬೇಡಿ.

ನಮ್ಮದು ಹಾನುಬಾಳು ಕಡೆ ಐದು ಎಕರೆ ರೋಬಸ್ಟಾ, ಮಧ್ಯೆ ಮೆಣಸು. ಪಿಕಪ್ ತೋಟಕ್ಕೂ ಬೇಕು, ಬಾಡಿಗೆಗೂ ಹೋಗುತ್ತದೆ. ಆಲೂಗಡ್ಡೆ ಕಾಲದಲ್ಲಿ ಹಾಸನ ಎಪಿಎಂಸಿ, ಶುಂಠಿ ಕಾಲದಲ್ಲಿ ಬೇಲೂರು, ಆಲೂರು. ಸಾಲದ ಕಂತು ಇನ್ನೂ ಎರಡು ವರ್ಷ ಇದೆ. ಇಂಜಿನ್ ಬಿಚ್ಚುವ ಹಾಗಾದರೆ ನಮ್ಮ ಮನೆಯ ಒಂದು ವರ್ಷದ ಲೆಕ್ಕವೇ ಕೆಟ್ಟು ಹೋಗುತ್ತದೆ. ಹಾಗಾಗಿ ಇದನ್ನು ಸುಮ್ನೆ ಬಿಡಲು ನನ್ನಿಂದ ಆಗಲಿಲ್ಲ.

ಮಾರನೇ ದಿನ ಕಂಪನಿ ಸರ್ವಿಸ್ ಸೆಂಟರಿಗೆ ಹೋದೆವು. ಸಲಹೆಗಾರರು ಹುಡುಗನ ಮುಖ ನೋಡಿಕೊಂಡೇ ಮಾತಾಡಿದರು. ಗಾಡಿ ನನ್ನ ಹೆಸರಲ್ಲಿದೆ, ಕೇಳುತ್ತಿರುವುದು ನಾನು ಅಂದ ಮೇಲೆ ಈ ಕಡೆ ತಿರುಗಿದರು. "ಮೇಡಂ, ಇದು ನಾರ್ಮಲ್. ಬಿಎಸ್ 6 ಗಾಡಿ ಅಲ್ವಾ, ಸ್ವಲ್ಪ ಆಯಿಲ್ ಕುಡಿಯುತ್ತೆ." ಬಿಎಸ್ 6 ಅಂದರೆ ಗಾಡಿಯ ಹೊಗೆಗೆ ಸರ್ಕಾರ ಇಟ್ಟಿರುವ ಮಿತಿ.

"ಸ್ವಲ್ಪ ಅಂದ್ರೆ ಎಷ್ಟು? ಸಾವಿರ ಕಿಲೋಮೀಟರಿಗೆ ಎಷ್ಟು ಮಿಲಿ?"

ಉತ್ತರ ಇಲ್ಲ. ಬರೆದು ಕೊಡಿ ಅಂದೆ. ಬರೆದು ಕೊಡಲಿಲ್ಲ. ನಮ್ಮ ಗಾಡಿಯ ಕೈಪಿಡಿಯಲ್ಲಿ ಆಯಿಲ್ ಖರ್ಚಾಗುವುದು ಸಹಜ ಅಂತ ಒಂದು ಸಾಲಿದೆ. ಅಂಕಿ ಇಲ್ಲ. ನನ್ನ ಇಡೀ ತಕರಾರು ಇದೇ. ಅಳತೆ ಹೇಳದೆ ನಾರ್ಮಲ್ ಅಂದರೆ ನಾನು ಯಾವುದಕ್ಕೆ ಹೋಲಿಸಿ ನೋಡಬೇಕು?

ಯಾವ ಇಂಜಿನ್ ಆದರೂ ಸ್ವಲ್ಪ ಆಯಿಲ್ ಸುಡುತ್ತದೆ. ಇದು ನಿಜ, ಒಪ್ಪುತ್ತೇನೆ. ಸಿಲಿಂಡರಿನ ಗೋಡೆಗೆ ತೆಳ್ಳಗೆ ಆಯಿಲ್ ಅಂಟಿರಲೇಬೇಕು, ಇಲ್ಲದಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆ ಪದರದಲ್ಲಿ ಒಂದಿಷ್ಟು ಸುಟ್ಟು ಹೋಗುತ್ತದೆ. ಈಗಿನ ಇಂಜಿನ್‌ಗಳಲ್ಲಿ ಅದು ಜಾಸ್ತಿ ಆಗಲು ಕಾರಣಗಳೂ ಇವೆ. ಮೈಲೇಜ್ ಬರಲಿ ಅಂತ ಪಿಸ್ಟನ್ ರಿಂಗ್‌ಗಳ ಬಿಗಿ ಕಡಿಮೆ ಮಾಡಿದ್ದಾರೆ. ಹಿಂದೆ 15ಡಬ್ಲ್ಯೂ-40 ಅನ್ನುವ ದಪ್ಪ ಆಯಿಲ್ ಹಾಕುತ್ತಿದ್ದ ಕಡೆ ಈಗ ಬಹಳ ಗಾಡಿಗಳಿಗೆ 5ಡಬ್ಲ್ಯೂ-30, ನೀರಿನ ಹಾಗೆ ತೆಳು. ಮೇಲೆ ಟರ್ಬೋ, ಅಂದರೆ ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಫ್ಯಾನ್. ಅದು ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುತ್ತದೆ, ಅದಕ್ಕೂ ಇದೇ ಆಯಿಲ್ ಹೋಗಬೇಕು. ಅದರ ಸೀಲ್ ಸ್ವಲ್ಪ ಸವೆದರೂ ಆಯಿಲ್ ಗಾಳಿಯ ದಾರಿ ಹಿಡಿಯುತ್ತದೆ. ಘಾಟಿ ಹತ್ತಿ ಬಂದ ಕೂಡಲೇ ಕೀ ತಿರುಗಿಸಿ ಆಫ್ ಮಾಡಬೇಡಿ, ಒಂದು ನಿಮಿಷ ಐಡಲ್ ಬಿಡಿ ಅಂತ ಹಳೇ ಡ್ರೈವರ್‌ಗಳು ಹೇಳುವುದು ಇದಕ್ಕೇ.

ಆದರೆ ನಮ್ಮ ಮಲೆನಾಡಿನ ಗಾಡಿಗಳಿಗೆ ಇನ್ನೊಂದು ಕಷ್ಟ ಇದೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೇ ತಿಂಗಳುಗಟ್ಟಲೆ ಬೇಕಾಯಿತು.

2020ರ ಏಪ್ರಿಲ್ 1ರಿಂದ ಬಿಎಸ್ 6 ಬಂತು. ಅಂದಿನಿಂದ ಡೀಸೆಲ್ ಪಿಕಪ್‌ಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನುವ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಒಳ್ಳೆಯದೇ. ಡೀಸೆಲ್ ಕಾರುಗಳ ಮಸಿಯ ಮಿತಿ ಬಿಎಸ್ 4ರಲ್ಲಿ ಕಿಲೋಮೀಟರಿಗೆ 25 ಮಿಲಿಗ್ರಾಂ ಇದ್ದದ್ದು 4.5ಕ್ಕೆ ಇಳಿಯಿತು. ಡೀಸೆಲ್‌ನಲ್ಲಿರುವ ಗಂಧಕ 50 ಪಿಪಿಎಂನಿಂದ (ಹತ್ತು ಲಕ್ಷ ಭಾಗದಲ್ಲಿ 50) 10ಕ್ಕೆ ಇಳಿಯಿತು. ಪೇಟೆಯಲ್ಲಿ ನಿಂತು ಉಸಿರಾಡುವವರೂ ನಾವೇ. ಬಿಎಸ್ 6 ಬೇಡ ಅಂತ ನಾನು ಖಂಡಿತ ಹೇಳುವುದಿಲ್ಲ.

ಆ ಫಿಲ್ಟರಿನಲ್ಲಿ ತುಂಬಿದ ಮಸಿಯನ್ನು ಗಾಡಿ ತಾನೇ ಆಗಾಗ ಸುಟ್ಟುಕೊಳ್ಳುತ್ತದೆ. ರೀಜನರೇಶನ್ ಅನ್ನುತ್ತಾರೆ. ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಆ ಬಿಸಿಗಾಗಿ ಬಹಳ ಗಾಡಿಗಳಲ್ಲಿ ಇಂಜಿನ್ ಸ್ವಲ್ಪ ಡೀಸೆಲನ್ನು ತಡವಾಗಿ ಸಿಲಿಂಡರಿಗೆ ಚಿಮ್ಮಿಸುತ್ತದೆ. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುತ್ತಿದ್ದರೆ ಕೆಲಸ ಬೇಗ ಮುಗಿಯುತ್ತದೆ. ತೋಟದಲ್ಲಿ? ಕುಯಿಲಿನ ಸಮಯದಲ್ಲಿ ನಮ್ಮ ಗಾಡಿ ಬೆಳಿಗ್ಗೆ ಆಳುಗಳನ್ನು ಕರೆದುಕೊಂಡು ಬರುತ್ತದೆ. ಫಸ್ಟ್, ಸೆಕೆಂಡ್ ಗೇರಿನಲ್ಲಿ ಕಾಫಿ ಮೂಟೆ ಕಣಕ್ಕೆ ತರುತ್ತದೆ. ನಿಲ್ಲುತ್ತದೆ. ಮತ್ತೆ ಒಂದು ಕಿಲೋಮೀಟರ್ ಹೋಗುತ್ತದೆ, ಮತ್ತೆ ನಿಲ್ಲುತ್ತದೆ. ಬಿಸಿ ಏರುವ ಮೊದಲೇ ಆಫ್. ಸುಡುವ ಕೆಲಸ ಅರ್ಧಕ್ಕೇ ನಿಂತು ಮತ್ತೆ ಮತ್ತೆ ಶುರುವಾಗುತ್ತದೆ. ಪ್ರತಿ ಸಲವೂ ಸ್ವಲ್ಪ ಡೀಸೆಲ್ ಸಿಲಿಂಡರ್ ಗೋಡೆ ಮೇಲೆ ಇಳಿದು ಆಯಿಲ್ ಜೊತೆ ಸೇರಿಕೊಳ್ಳುತ್ತದೆ.

ಮೋಸ ಆಗುವುದು ಇಲ್ಲೇ. ಒಂದು ಕಡೆ ಆಯಿಲ್ ಸುಟ್ಟು ಕಡಿಮೆ ಆಗುತ್ತಿರುತ್ತದೆ, ಇನ್ನೊಂದು ಕಡೆ ಡೀಸೆಲ್ ಸೇರಿ ಮಟ್ಟ ಏರುತ್ತಿರುತ್ತದೆ. ಕಡ್ಡಿ ನೋಡಿದರೆ ಎಲ್ಲಾ ಸರಿ ಇದೆ ಅನಿಸುತ್ತದೆ. ಜನವರಿಯಲ್ಲಿ ನಾನು ಮೋಸ ಹೋಗಿದ್ದು ಹೀಗೆ. ಫೆಬ್ರವರಿಯಲ್ಲಿ ಬಾಡಿಗೆಗೆ ಮಂಗಳೂರಿಗೆ ನಾಲ್ಕು ಸಲ ಹೋಗಿ ಬಂದೆವು. ಇಂಜಿನ್ ಚೆನ್ನಾಗಿ ಕಾದಾಗ ಆಯಿಲ್‌ನಲ್ಲಿದ್ದ ಡೀಸೆಲ್ ಆವಿಯಾಗಿ ಹೋಯಿತು. ಉಳಿದ ಆಯಿಲ್ ನಿಜವಾಗಿ ಎಷ್ಟಿತ್ತು ಅಂತ ಆಗ ಗೊತ್ತಾಯಿತು. ಕಡ್ಡಿಯಲ್ಲಿ ಮಟ್ಟ ಮೇಲಿನ ಗುರುತು ದಾಟಿ ಏರಿದ್ದರೆ ಖುಷಿ ಪಡಬೇಡಿ ಸ್ನೇಹಿತರೇ. ಮೂಸಿ ನೋಡಿ. ಡೀಸೆಲ್ ವಾಸನೆ ಜೋರಾಗಿ ಬಂದರೆ ಸರ್ವಿಸ್ ತಾರೀಖಿಗೆ ಕಾಯದೆ ಆಯಿಲ್ ಬದಲಾಯಿಸಿ. ತೆಳುವಾದ ಆಯಿಲ್ ಬೇರಿಂಗ್ ಉಳಿಸುವುದಿಲ್ಲ.

ಹೊಗೆಯ ಕಥೆಯೂ ಹೀಗೇ. ನಮ್ಮ ತಂದೆಯ ಜೀಪು ಆಯಿಲ್ ತಿನ್ನಲು ಶುರು ಮಾಡಿದಾಗ ಇಡೀ ಊರಿಗೆ ಗೊತ್ತಾಗಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಅಂಗಳ ತುಂಬ ನೀಲಿ ಹೊಗೆ. "ರಿಂಗ್ ಹೋಗಿದೆ, ಬೋರ್ ಮಾಡಿಸಿ" ಅಂತ ದಾರಿಯಲ್ಲಿ ಹೋಗುವವರೂ ಹೇಳುತ್ತಿದ್ದರು. ಈಗ ಡಿಪಿಎಫ್ ಆ ಹೊಗೆಯನ್ನು ಬಹಳ ಮಟ್ಟಿಗೆ ತಡೆದು ಬಿಡುತ್ತದೆ. ಆಯಿಲ್ ಸುಡುತ್ತಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಜೊತೆಗೆ, ಮಸಿ ಸುಟ್ಟು ಹೋಗುತ್ತದೆ, ಆದರೆ ಆಯಿಲ್ ಸುಟ್ಟಾಗ ಉಳಿಯುವ ಬೂದಿ ಸುಡುವುದಿಲ್ಲ. ಅದು ಫಿಲ್ಟರಿನಲ್ಲೇ ಕೂರುತ್ತದೆ. ಈ ಗಾಡಿಗಳಿಗೆ ಬೂದಿ ಕಡಿಮೆ ಇರುವ ಆಯಿಲ್ಲೇ ಹಾಕಿ ಅಂತ ಕೈಪಿಡಿಯಲ್ಲಿ ಹೇಳುವುದು ಅದಕ್ಕಾಗಿ. ಕ್ಯಾನಿನ ಮೇಲೆ ಸಿಕೆ-4 ಅಥವಾ ಸಿ3 ಅಂತೆಲ್ಲಾ ಇರುತ್ತದೆ. ನಿಮ್ಮ ಕೈಪಿಡಿಯಲ್ಲಿ ಯಾವುದಿದೆಯೋ ಅದನ್ನೇ ತನ್ನಿ. ನೂರು ರೂಪಾಯಿ ಉಳಿಸಲು ಹೋಗಿ ಫಿಲ್ಟರ್ ಕಟ್ಟಿಕೊಂಡರೆ ಆ ಬಿಲ್ ಕಟ್ಟುವ ಕಷ್ಟ ನಮ್ಮದೇ.

ಅಂಕಿ ಹೇಳುವ ಕಂಪನಿಗಳು ಇಲ್ಲ ಅಂತಲ್ಲ. ಫೋಕ್ಸ್‌ವ್ಯಾಗನ್ ಕೈಪಿಡಿಗಳಲ್ಲಿ 1,000 ಕಿ.ಮೀ.ಗೆ ಅರ್ಧ ಲೀಟರ್ ತನಕ ಆಗಬಹುದು ಅಂತ ಬರೆದಿರುತ್ತಾರೆ. ಹಾಗೆ ಬರೆದಿದ್ದರೆ ಕೊಳ್ಳುವ ಮೊದಲೇ ಯೋಚನೆ ಮಾಡಬಹುದಲ್ವಾ? ಅದೇ ಅಂಕಿ ಇಟ್ಟುಕೊಂಡು ನಮ್ಮ ಗಾಡಿಯ ಲೆಕ್ಕ ಹಾಕಿ ನೋಡಿದೆ. ನಮ್ಮದಕ್ಕೆ ಆಯಿಲ್ ಹಿಡಿಯುವುದು 6 ಲೀಟರ್. ಸರ್ವಿಸ್ 20,000 ಕಿ.ಮೀ.ಗೆ ಒಂದು ಸಲ. ಸಾವಿರಕ್ಕೆ ಅರ್ಧ ಲೀಟರ್ ಅಂದರೆ ಇಪ್ಪತ್ತು ಸಾವಿರಕ್ಕೆ 10 ಲೀಟರ್. ಇರುವುದೇ ಆರು! ಇಪ್ಪತ್ತು ಸಾವಿರದ ತನಕ ಬಾನೆಟ್ ಎತ್ತಬೇಕಿಲ್ಲ ಅಂತ ಗಾಡಿ ಮಾರುವಾಗ ಹೇಳುತ್ತಾರೆ. ಆ ಮಾತು ನಂಬಿ ಇಂಜಿನ್ ಕಳೆದುಕೊಂಡರೆ ತಪ್ಪು ಯಾರದು?

ಅಮೆರಿಕದಲ್ಲೂ ಇದೇ ಜಗಳ ನಡೆದಿದೆ. ಜನರಲ್ ಮೋಟಾರ್ಸ್‌ನ 2011ರಿಂದ 2014ರ 5.3 ಲೀಟರ್ ಇಂಜಿನ್‌ನ ಪಿಕಪ್‌ಗಳು ವಿಪರೀತ ಆಯಿಲ್ ಕುಡಿಯುತ್ತವೆ, ಪಿಸ್ಟನ್ ರಿಂಗ್‌ನಲ್ಲೇ ದೋಷ ಇದೆ ಅಂತ ಮಾಲೀಕರು ಕೋರ್ಟಿಗೆ ಹೋದರು. 2022ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜ್ಯೂರಿ 10 ಕೋಟಿ 26 ಲಕ್ಷ ಡಾಲರ್ ಕೊಡಬೇಕು ಅಂತ ಹೇಳಿತು. ಫೋರ್ಡ್ ಎಫ್-150ದು ಇನ್ನೊಂದು ಕಥೆ. 2018ರಿಂದ 2020ರ 5 ಲೀಟರ್ ಇಂಜಿನ್ ಗಾಡಿಗಳ ಬಗ್ಗೆ ದೂರು ಬಂದಾಗ ಕಂಪನಿ ಇಂಜಿನ್‌ನ ಕಂಪ್ಯೂಟರ್ ಪ್ರೋಗ್ರಾಂ ಬದಲಾಯಿಸಿತು. ಜೊತೆಗೆ ಹೊಸ ಡಿಪ್‌ಸ್ಟಿಕ್ ಕೊಟ್ಟಿತು. ಹೊಸ ಕಡ್ಡಿಯಲ್ಲಿ ಎರಡು ಗುರುತಿನ ನಡುವಿನ ಅಂತರ ಮೊದಲಿಗಿಂತ ಜಾಸ್ತಿ. ಪ್ರೋಗ್ರಾಂ ಬದಲಾಯಿಸಿದ್ದು ಸರಿ, ಆಕ್ಸಿಲರೇಟರ್‌ನಿಂದ ಕಾಲೆತ್ತಿದಾಗ ಇಂಜಿನ್ ಆಯಿಲ್ ಎಳೆದುಕೊಳ್ಳುವುದು ಅದರಿಂದ ಕಡಿಮೆ ಆಗುತ್ತದೆ. ಕಡ್ಡಿ ಬದಲಾಯಿಸಿದ್ದನ್ನು ಮಾತ್ರ ನಾನು ಒಪ್ಪಲಾರೆ. ತೂಕ ಸರಿ ಬರಲಿಲ್ಲ ಅಂತ ಮಂಡಿಯವರು ತಕ್ಕಡಿ ಬದಲಾಯಿಸಿದರೆ ರೈತ ಒಪ್ಪುತ್ತಾನಾ?

ಸರ್ವಿಸ್ ಸೆಂಟರಿನಲ್ಲಿ ಉತ್ತರ ಸಿಗದೆ ನಾನೇ ಅಳೆಯಲು ಶುರು ಮಾಡಿದೆ. ಹೊಸ ಆಯಿಲ್ ಹಾಕಿಸಿ ಮೇಲಿನ ಗುರುತಿನ ತನಕ ತುಂಬಿಸಿದೆ. ಸೋಮವಾರ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಕಡ್ಡಿ ಒರೆಸಿ ಎರಡು ಸಲ ನೋಡುತ್ತಿದ್ದೆ. ಎಲ್ಲಿ ನಿಲ್ಲಿಸಿ ನೋಡುತ್ತೀರಿ ಅನ್ನುವುದು ಬಹಳ ಮುಖ್ಯ. ಇಳಿಜಾರಿನಲ್ಲಿ ಕಡ್ಡಿ ಸುಳ್ಳು ಹೇಳುತ್ತದೆ. ನಮ್ಮ ಮನೆ ಸುತ್ತ ಎಲ್ಲಾ ಏರು, ಇಳಿಜಾರು. ಸಮತಟ್ಟಾಗಿರುವುದು ಕಾಫಿ ಒಣಗಿಸುವ ಸಿಮೆಂಟ್ ಕಣ ಒಂದೇ. ಈಗ ಭಾನುವಾರ ರಾತ್ರಿ ಗಾಡಿ ಕಣದಲ್ಲೇ ನಿಲ್ಲುತ್ತದೆ. ಕಡಿಮೆ ಆದಷ್ಟನ್ನು ಔಷಧಿ ಅಳೆಯುವ ಜಾರಿನಲ್ಲಿ ಅಳೆದು ಹಾಕಿ, ಕಿಲೋಮೀಟರ್ ಜೊತೆ ಪುಸ್ತಕದಲ್ಲಿ ಬರೆದೆ. ಆರು ವಾರದಲ್ಲಿ 2,000 ಕಿ.ಮೀ. ಓಡಿತು. ಕುಡಿದದ್ದು 840 ಮಿ.ಲೀ. ಸಾವಿರಕ್ಕೆ 420.

ಆ ಪುಸ್ತಕ ತೆಗೆದುಕೊಂಡು ಹಾಸನದ ಬಿ.ಎಂ. ರಸ್ತೆ ಪಕ್ಕದ ಗಲ್ಲಿಯಲ್ಲಿರುವ ಒಂದು ಹಳೇ ಗ್ಯಾರೇಜಿಗೆ ಹೋದೆ. ಅಲ್ಲಿನ ಭಾಯ್ ಮೊದಲು ಪುಸ್ತಕ ಓದಿದರು. ಅದಕ್ಕೇ ನನಗೆ ಅರ್ಧ ಸಮಾಧಾನ ಆಯಿತು. ಇಂಜಿನ್ ಸ್ಟಾರ್ಟ್ ಮಾಡಿಸಿ, ಆಯಿಲ್ ಹಾಕುವ ಮುಚ್ಚಳ ಸಡಿಲ ಮಾಡಿದರು. ಒಳಗಿನಿಂದ ಗಾಳಿ ಜೋರಾಗಿ ನುಗ್ಗಿತು. ಆಮೇಲೆ ಟರ್ಬೋದ ಗಾಳಿ ತಂಪು ಮಾಡುವ ಇಂಟರ್‌ಕೂಲರ್‌ನ ಪೈಪ್ ಬಿಚ್ಚಿದರು. ಒಳಗೆಲ್ಲಾ ಆಯಿಲ್. "ಅಮ್ಮಾ, ರಿಂಗ್ ಮುಟ್ಟೋದು ಬೇಡ. ಮೊದ್ಲು ಇದ್ರ ಉಸಿರು ಬಿಡ್ಸೋಣ" ಅಂದರು.

ಪಿಸ್ಟನ್ ಪಕ್ಕದಿಂದ ಸ್ವಲ್ಪ ಗ್ಯಾಸ್ ಯಾವಾಗಲೂ ಇಂಜಿನ್‌ನ ಕೆಳಭಾಗಕ್ಕೆ ಇಳಿಯುತ್ತದೆ. ಅದು ಹೊರಗೆ ಹೋಗಲು ಒಂದು ದಾರಿ, ಆ ದಾರಿಯಲ್ಲಿ ಆಯಿಲ್ ಹನಿಗಳನ್ನು ಬೇರೆ ಮಾಡುವ ಒಂದು ಡಬ್ಬಿ ಇರುತ್ತದೆ. ಹಿಂದೆ ಆ ಗಾಳಿ ರಸ್ತೆಗೆ ಹೋಗುತ್ತಿತ್ತು. ಈಗ ಅದನ್ನು ಇಂಜಿನ್ನೇ ವಾಪಸ್ ಎಳೆದುಕೊಂಡು ಸುಡಬೇಕು. ನಮ್ಮ ಗಾಡಿಯಲ್ಲಿ ಆ ಡಬ್ಬಿಯಲ್ಲಿ ಕಪ್ಪು ಕೆಸರು ಕಟ್ಟಿಕೊಂಡಿತ್ತು. ಒಳಗೆ ಒತ್ತಡ ಏರಿ, ಆಯಿಲ್ ಟರ್ಬೋ ಕಡೆಗೆ, ಅಲ್ಲಿಂದ ಸಿಲಿಂಡರಿಗೆ ಹೋಗುತ್ತಿತ್ತು. ಡಬ್ಬಿ ಹೊಸದು ಹಾಕಿದರು, ಪೈಪ್‌ಗಳನ್ನು ತೊಳೆದರು. ಅರ್ಧ ದಿನದ ಕೆಲಸ.

ಆಮೇಲೆ ಮೂರು ತಿಂಗಳು ಅಳೆದಿದ್ದೇನೆ. ಸಾವಿರ ಕಿ.ಮೀ.ಗೆ 110 ಮಿ.ಲೀ.

ಅಂದರೆ 420 ಯಾವತ್ತೂ ನಾರ್ಮಲ್ ಆಗಿರಲಿಲ್ಲ. ಮುಚ್ಚಳ ಸಡಿಲ ಮಾಡಿ ನೋಡಲು ಎರಡು ನಿಮಿಷ ಸಾಕಿತ್ತು. ಗಾಡಿ ಆಗ ವಾರಂಟಿಯಲ್ಲೇ ಇತ್ತು. ಆ ಎರಡು ನಿಮಿಷ ಯಾರೂ ಕೊಡಲಿಲ್ಲ ಅನ್ನುವುದು ನನಗೆ ಇವತ್ತಿಗೂ ನೋವು. ಪುಸ್ತಕದ ಪುಟಗಳ ಫೋಟೋ ಹಾಕಿ ಅವರಿಗೆ ಪತ್ರ ಬರೆದಿದ್ದೇನೆ. ಈ ಮಾಡೆಲ್‌ಗೆ ಸಾವಿರ ಕಿ.ಮೀ.ಗೆ ಎಷ್ಟು ಆಯಿಲ್ ಹೋದರೆ ನೀವು ರಿಪೇರಿ ಮಾಡಿಕೊಡುತ್ತೀರಿ, ಅಂಕಿ ಬರೆದು ತಿಳಿಸಿ ಅಂತ ಕೇಳಿದ್ದೇನೆ. ಉತ್ತರ ಬಂದಿಲ್ಲ. ಬಂದರೆ ಇಲ್ಲೇ ಹಾಕುತ್ತೇನೆ.

ಹಾಸನ, ಚಿಕ್ಕಮಗಳೂರು ಕಡೆ ಪಿಕಪ್ ಇಟ್ಟುಕೊಂಡಿರುವವರು ಬಹಳ ಜನ ಈ ಪೋಸ್ಟ್ ಓದುತ್ತೀರಿ. ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಸಮತಟ್ಟು ಜಾಗದಲ್ಲಿ ಕಡ್ಡಿ ನೋಡಿ. ಮೀಟರಿನಲ್ಲಿ ಎಷ್ಟಿದೆ ಬರೆದಿಡಿ. ಸಾವಿರ ಕಿಲೋಮೀಟರ್ ಆದ ಮೇಲೆ ಎಷ್ಟು ಹಾಕಬೇಕಾಯಿತು ಅಂತ ಇಲ್ಲಿ ತಿಳಿಸಿ. ಗಾಡಿ ಯಾವ ವರ್ಷದ್ದು, ತೋಟದ ಓಡಾಟ ಎಷ್ಟು, ಹೆದ್ದಾರಿ ಎಷ್ಟು, ಅದನ್ನೂ ಬರೆಯಿರಿ. ನಾನು ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಸೇರಿಸುತ್ತೇನೆ. ಮೊದಲ ಸಾಲು ನಮ್ಮದೇ: 2022ರ ಗಾಡಿ, ಅರ್ಧ ತೋಟ, ಅರ್ಧ ಹೆದ್ದಾರಿ, ಮೊದಲು 420, ಈಗ 110.